ಬಿ ಅಪ್ಪ, ಓ ಅಮ್ಮ, ಎ ಮಗಳು: ರಕ್ತದ ಗುಂಪು ಬರುವ ಬಗೆ, ನೋಡುವ ಬಗೆ

ಕತ್ರಿಗುಪ್ಪೆಯಿಂದ ಬಂದಿದ್ದ ಗಂಡ ಹೆಂಡತಿ ನನ್ನ ಮೇಜಿನ ಮೇಲೆ ಮೂರು ಕಾರ್ಡು ಇಟ್ಟರು. ಗಂಡನ ಡ್ರೈವಿಂಗ್ ಲೈಸೆನ್ಸಿನಲ್ಲಿ ಬಿ ಪಾಸಿಟಿವ್ ಅಂತ ಇತ್ತು. ಹೆಂಡತಿಯದು ಬಸುರಿಯಾಗಿದ್ದಾಗ ಕೊಟ್ಟ ‘ತಾಯಿ ಕಾರ್ಡು’, ಅದರಲ್ಲಿ ಓ ಪಾಸಿಟಿವ್. ಆರನೇ ಕ್ಲಾಸಿನ ಮಗಳ ಸ್ಕೂಲ್ ಐಡಿ ಕಾರ್ಡಿನಲ್ಲಿ ಎ ಪಾಸಿಟಿವ್. ಪಿಯುಸಿ ಓದುವ ನೆಂಟರ ಹುಡುಗನೊಬ್ಬ ಹಬ್ಬಕ್ಕೆ ಬಂದಾಗ ಇದನ್ನು ನೋಡಿ, ತನ್ನ ಬಯಾಲಜಿ ಪುಸ್ತಕದ ಕೋಷ್ಟಕ ತೆಗೆದು, "ಇದು ಆಗೋದೇ ಇಲ್ಲ" ಅಂದಿದ್ದನಂತೆ. ಹುಡುಗ ಬೇರೆ ಏನೂ ಯೋಚಿಸದೆ ಹೇಳಿದ್ದ. ಆದರೆ ಕೇಳಿಸಿಕೊಂಡ ಅಜ್ಜಿ ಸೊಸೆಯ ಜೊತೆ ಮಾತು ಬಿಟ್ಟಿದ್ದರು. ಆಕೆ ನನ್ನನ್ನು ಕೇಳಿದ್ದು ಒಂದೇ: "ಮೇಡಂ, ಮೂರೂ ಜನರದ್ದು ಮತ್ತೆ ನೋಡ್ತೀರಾ?"

ನೋಡಿದೆ. ಹೇಗೆ ನೋಡಿದೆ, ಯಾವ ಹೆಜ್ಜೆಯಲ್ಲಿ ಏನು ಕಂಡಿತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹದಿನಾರು ವರ್ಷದಿಂದ ಬೆಂಗಳೂರಿನ ರಕ್ತನಿಧಿಯೊಂದರಲ್ಲಿ ಟೆಕ್ನಿಷಿಯನ್ ಆಗಿದ್ದೇನೆ. ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಓದುವ ಮಕ್ಕಳಿಗೆ ಇದು ಉಪಯೋಗಕ್ಕೆ ಬರಲಿ ಅನ್ನುವುದು ಒಂದು ಆಸೆ. ಕ್ಯಾಂಪಿನಲ್ಲಿ ಒಂದು ಹನಿ ರಕ್ತ ನೋಡಿ ಬರೆದುಕೊಟ್ಟ ಚೀಟಿಯನ್ನೇ ಕೊನೆಯ ಮಾತು ಅಂದುಕೊಂಡಿರುವ ಮನೆಗಳಿಗೂ ತಲುಪಲಿ ಅನ್ನುವುದು ಇನ್ನೊಂದು. ಗುಂಪು ಗೊತ್ತಾಯಿತು ಅನ್ನಬೇಕಾದರೆ ಕೆಂಪು ಕಣ ಹೇಳಿದ್ದನ್ನು ಪ್ಲಾಸ್ಮಾ, ಅಂದರೆ ಕಣಗಳು ತೇಲುವ ರಕ್ತದ ತಿಳಿ ದ್ರವ, ಕೂಡ ಹೌದು ಅನ್ನಬೇಕು. ಎರಡರಲ್ಲಿ ಒಂದನ್ನೇ ಕೇಳಿ ಬರೆದ ಗುಂಪನ್ನು ನಾನು ಅರ್ಧ ಉತ್ತರ ಅಂತಲೇ ಎಣಿಸುತ್ತೇನೆ.

ಕಣದ ಮೈಮೇಲೆ ಏನಿದೆ

ಕೆಂಪು ರಕ್ತಕಣದ ಮೈತುಂಬ ಸಕ್ಕರೆಯ ಸಣ್ಣ ಸಣ್ಣ ಸರಗಳಿವೆ. ನಾವು ಕಾಫಿಗೆ ಹಾಕುವ ಸಕ್ಕರೆಯಲ್ಲ, ಅದರ ದೂರದ ನೆಂಟರು. ಹೆಚ್ಚುಕಡಿಮೆ ಎಲ್ಲರಲ್ಲೂ ಸರದ ತುದಿಯಲ್ಲಿ ಎಚ್ ಅನ್ನುವ ಗುರುತು ಇರುತ್ತದೆ. ಆ ಎಚ್ ಮೇಲೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೀನ್ ಅನ್ನುವ ಸಕ್ಕರೆ ಕೂತರೆ ಎ ಗುಂಪು. ಗ್ಯಾಲಕ್ಟೋಸ್ ಕೂತರೆ ಬಿ. ಕೆಲವು ಸರಗಳ ಮೇಲೆ ಅದು, ಕೆಲವುದರ ಮೇಲೆ ಇದು ಕೂತರೆ ಎಬಿ. ಏನೂ ಕೂರದೆ ಎಚ್ ಹಾಗೇ ಉಳಿದರೆ ಓ. ಓ ಅಂದರೆ ಖಾಲಿ ಅಂತ ತುಂಬ ಜನ ತಿಳಿದಿದ್ದಾರೆ. ಹಾಗಲ್ಲ, ಓ ಕಣದ ಮೇಲೆ ಎಲ್ಲರಿಗಿಂತ ಜಾಸ್ತಿ ಎಚ್ ಇರುತ್ತದೆ. ಈ ಮಾತು ನೆನಪಿರಲಿ, ಬಾಂಬೆ ಗುಂಪಿಗೆ ಬಂದಾಗ ಬೇಕಾಗುತ್ತದೆ.

ಇದಕ್ಕೆ ಎದುರಾಗಿ ಪ್ಲಾಸ್ಮಾದಲ್ಲಿ ಆಂಟಿಬಾಡಿ ಇರುತ್ತದೆ, ತನ್ನದಲ್ಲದ ಗುರುತನ್ನು ಹಿಡಿದು ಕಣಗಳನ್ನು ಗಂಟು ಕಟ್ಟಿಸುವ ಪ್ರೋಟೀನ್ ಅದು. ಎ ಗುಂಪಿನವರಲ್ಲಿ ಆಂಟಿ-ಬಿ, ಬಿ ಗುಂಪಿನವರಲ್ಲಿ ಆಂಟಿ-ಎ, ಓ ಗುಂಪಿನವರಲ್ಲಿ ಎರಡೂ, ಎಬಿಯವರಲ್ಲಿ ಎರಡೂ ಇಲ್ಲ. ಯಾರದೋ ರಕ್ತ ಮೈಗೆ ಹೋಗದೆಯೇ ಇವು ಹುಟ್ಟುತ್ತವೆ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳ ಮೈಮೇಲೂ ಇಂಥದೇ ಸಕ್ಕರೆಗಳಿವೆ. ಅವನ್ನು ನೋಡಿ ನೋಡಿ ಮೈ ಕಲಿತುಕೊಳ್ಳುತ್ತದೆ. ಹುಟ್ಟಿದ ಕೂಸಿನಲ್ಲಿ ಈ ಆಂಟಿಬಾಡಿ ಇನ್ನೂ ತಯಾರಾಗಿರುವುದಿಲ್ಲ. ನಾಲ್ಕರಿಂದ ಆರು ತಿಂಗಳಾದ ಮೇಲೆ ಕಾಣಿಸಿಕೊಳ್ಳುತ್ತದೆ.

ಒಬ್ಬರ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಇನ್ನೊಬ್ಬರ ಕಣಗಳನ್ನು ಗಂಟು ಕಟ್ಟಿಸುತ್ತದೆ ಎಂದು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮೊದಲು ಬರೆದದ್ದು 1900ರಲ್ಲಿ. ನಮ್ಮ ಕೆ.ಆರ್. ಮಾರ್ಕೆಟ್ ಪಕ್ಕದ ವಿಕ್ಟೋರಿಯಾ ಆಸ್ಪತ್ರೆ ಬಾಗಿಲು ತೆರೆದದ್ದೂ ಅದೇ ವರ್ಷ. ಮರುವರ್ಷ ಅವರು ತಮ್ಮದೂ ಜೊತೆಯವರದೂ ರಕ್ತ ಬೆರೆಸಿ ನೋಡಿ ಮೂರು ಗುಂಪು ಮಾಡಿದರು: ಎ, ಬಿ, ಸಿ. ಆ ಸಿ ಮುಂದೆ ಓ ಆಯಿತು. 1902ರಲ್ಲಿ ಡಿಕಾಸ್ಟೆಲೊ ಮತ್ತು ಸ್ಟುರ್ಲಿ ನಾಲ್ಕನೆಯ ಗುಂಪು ಕಂಡರು. ಲ್ಯಾಂಡ್‌ಸ್ಟೈನರ್ ಅವರಿಗೆ ನೊಬೆಲ್ ಬಂದದ್ದು 1930ರಲ್ಲಿ.

ಅಪ್ಪನಿಂದ ಒಂದು, ಅಮ್ಮನಿಂದ ಒಂದು

ಸಕ್ಕರೆ ಕೂರಿಸುವ ಕೆಲಸ ಒಂದು ಕಿಣ್ವದ್ದು. ಆ ಕಿಣ್ವ ಹೇಗಿರಬೇಕು ಅನ್ನುವ ಬರಹ ಒಂಬತ್ತನೇ ಕ್ರೋಮೋಸೋಮಿನ ಎಬಿಓ ಜೀನಿನಲ್ಲಿದೆ. ಎ ಜೀನ್ ಒಂದು ಬಗೆಯ ಕಿಣ್ವ ಮಾಡಿಸುತ್ತದೆ, ಬಿ ಜೀನ್ ಇನ್ನೊಂದು ಬಗೆ. ಇಡೀ ಕಿಣ್ವದಲ್ಲಿ ಇವೆರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಬರೀ ನಾಲ್ಕು ಅಮೈನೋ ಆಮ್ಲಗಳದ್ದು. ಸಾಮಾನ್ಯವಾಗಿ ಕಾಣುವ ಓ ಜೀನಿನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿದೆ. ಅಲ್ಲಿಂದ ಮುಂದೆ ಓದು ಪೂರ್ತಿ ತಪ್ಪಿ, ಕಿಣ್ವ ಕೆಲಸಕ್ಕೆ ಬಾರದಂತಾಗುತ್ತದೆ. ಯಮಾಮೊಟೊ ಮತ್ತು ಸಂಗಡಿಗರು 1990ರಲ್ಲಿ ಇದನ್ನು ಬಿಡಿಸಿ ತೋರಿಸಿದರು.

ಪ್ರತಿಯೊಬ್ಬರಲ್ಲೂ ಈ ಜೀನಿನ ಎರಡು ಪ್ರತಿ. ಒಂದು ಅಪ್ಪನದು, ಒಂದು ಅಮ್ಮನದು. ಎ ಮತ್ತು ಬಿ ಎರಡೂ ಇದ್ದರೆ ಎರಡೂ ಕಾಣುತ್ತವೆ. ಎ ಜೊತೆ ಓ ಇದ್ದರೆ ಎ ಮಾತ್ರ ಕಾಣುತ್ತದೆ, ಓ ಮರೆಯಲ್ಲಿ ಇರುತ್ತದೆ. ಹಾಗಾಗಿ ಕಾರ್ಡಿನಲ್ಲಿ ಬಿ ಅಂತ ಇರುವವರು ಒಳಗೆ ಬಿಬಿ ಇರಬಹುದು, ಬಿಓ ಇರಬಹುದು. ಓ ಅಂತ ಇರುವವರು ಮಾತ್ರ ಓಓ. ಈ ಮೂರು ಜೀನುಗಳ ಲೆಕ್ಕವನ್ನು 1924ರಲ್ಲಿ ಸರಿಯಾಗಿ ಬಿಡಿಸಿದವರು ವೈದ್ಯರಲ್ಲ, ಫೆಲಿಕ್ಸ್ ಬರ್ನ್‌ಸ್ಟೈನ್ ಎಂಬ ಗಣಿತಜ್ಞ.

ಮನೆಯಲ್ಲಿ ಲೆಕ್ಕ ಹಾಕಬೇಕಾದರೆ ಹೀಗೆ ಮಾಡಿ. ಒಂದು ಚೌಕ ಬರೆದು ನಾಲ್ಕು ಮನೆ ಮಾಡಿ. ಮೇಲೆ ಅಪ್ಪನ ಎರಡು ಜೀನು, ಪಕ್ಕದಲ್ಲಿ ಅಮ್ಮನ ಎರಡು ಜೀನು ಬರೆಯಿರಿ. ಒಂದೊಂದು ಮನೆಯಲ್ಲೂ ಮೇಲಿನದೊಂದು, ಪಕ್ಕದ್ದೊಂದು ಸೇರಿಸಿ. ಅಪ್ಪ ಎಓ, ಅಮ್ಮ ಬಿಓ ಆಗಿದ್ದರೆ ನಾಲ್ಕು ಮನೆಯಲ್ಲಿ ಎಬಿ, ಎಓ, ಬಿಓ, ಓಓ ಬರುತ್ತವೆ. ಅಂದರೆ ಎ ಅಪ್ಪ ಬಿ ಅಮ್ಮನಿಗೆ ನಾಲ್ಕೂ ಗುಂಪಿನ ಮಕ್ಕಳು ಹುಟ್ಟಬಹುದು. ಅಪ್ಪ ಎಬಿ, ಅಮ್ಮ ಓ ಆದರೆ ಮಕ್ಕಳು ಎ ಇಲ್ಲವೇ ಬಿ. ಯಾರೂ ಅಪ್ಪನ ಹಾಗಿಲ್ಲ, ಯಾರೂ ಅಮ್ಮನ ಹಾಗಿಲ್ಲ. "ನಮ್ಮಿಬ್ಬರದೂ ಮಗುವಿಗೆ ಬಂದಿಲ್ಲವಲ್ಲ" ಎಂದು ಗಾಬರಿಯಾಗಿ ಬರುವವರಿಗೆ ನಾನು ಈ ಚೌಕವನ್ನೇ ಬರೆದು ತೋರಿಸುತ್ತೇನೆ.

ಈಗ ಕತ್ರಿಗುಪ್ಪೆಯ ಮನೆ. ಅಪ್ಪ ಬಿ ಅಂದರೆ ಬಿಬಿ ಅಥವಾ ಬಿಓ. ಅಮ್ಮ ಓಓ. ಚೌಕ ತುಂಬಿಸಿದರೆ ಬಿ ಮತ್ತು ಓ ಮಾತ್ರ ಬರುತ್ತವೆ, ಎ ಎಲ್ಲೂ ಇಲ್ಲ. ಪಿಯುಸಿ ಹುಡುಗನ ಕೋಷ್ಟಕ ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ಹಾಕಿದ ಮೂರು ಗುಂಪುಗಳು ಸರಿ ಇವೆಯಾ ಅಂತ ಯಾರೂ ಕೇಳಿರಲಿಲ್ಲ. ಲೈಸೆನ್ಸಿಗೆ ಗುಂಪು ಎಲ್ಲಿಂದ ಬಂತು ಅಂತ ಅವರನ್ನು ಕೇಳಿದೆ. ಹತ್ತು ವರ್ಷದ ಹಿಂದೆ ಕೆಲಸದ ಜಾಗದಲ್ಲಿ ನಡೆದ ಒಂದು ಕ್ಯಾಂಪಿನಲ್ಲಿ ಬೆರಳು ಚುಚ್ಚಿ ಹೇಳಿದ್ದರಂತೆ. ಆಮೇಲೆ ಎಲ್ಲ ಕಾಗದಕ್ಕೂ ಅದೇ ಹೋಯಿತು.

ಸ್ಯಾಂಪಲ್ ತೆಗೆಯುವುದು

ಈ ಕೆಲಸದಲ್ಲಿ ಪ್ರಾಣಕ್ಕೆ ಕುತ್ತು ತರುವ ತಪ್ಪುಗಳಲ್ಲಿ ಹೆಚ್ಚಿನವು ರಸಾಯನದ್ದಲ್ಲ, ಹೆಸರಿನದು. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುತ್ತಾರೆ. ಒಬ್ಬರ ಟ್ಯೂಬು ಇನ್ನೊಬ್ಬರ ಹೆಸರಿಗೆ ಹೋದರೆ ಆಮೇಲೆ ಲ್ಯಾಬಿನಲ್ಲಿ ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಉತ್ತರ ತಪ್ಪೇ. ಆದ್ದರಿಂದ "ನೀವು ಲಕ್ಷ್ಮಮ್ಮ ಅಲ್ವಾ?" ಎಂದು ಕೇಳಬೇಡಿ. ನಿದ್ದೆಗಣ್ಣಿನಲ್ಲಿ ಯಾರಾದರೂ ಹೂಂ ಅಂದುಬಿಡುತ್ತಾರೆ. "ನಿಮ್ಮ ಹೆಸರೇನಮ್ಮ?" ಎಂದು ಕೇಳಿ. ಅವರ ಬಾಯಿಂದಲೇ ಹೆಸರು ಬರಲಿ. ಆಸ್ಪತ್ರೆ ನಂಬರನ್ನು ಕೈಪಟ್ಟಿಯ ಜೊತೆ ತಾಳೆ ನೋಡಿ. ಲೇಬಲ್ಲನ್ನು ಮಂಚದ ಪಕ್ಕದಲ್ಲೇ ಅಂಟಿಸಿ. ಖಾಲಿ ಟ್ಯೂಬಿಗೆ ಮೊದಲೇ ಲೇಬಲ್ ಅಂಟಿಸಿ ಜೇಬಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈಡಿಟಿಎ ಇರುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ 2 ಮಿ.ಲೀ. ರಕ್ತ ಸಾಕು. ನಾಲ್ಕೈದು ಸಲ ನಿಧಾನವಾಗಿ ತಲೆಕೆಳಗು ಮಾಡಿ. ಜೋರಾಗಿ ಕುಲುಕಿದರೆ ಕಣ ಒಡೆಯುತ್ತದೆ. ತಕ್ಷಣ ನೋಡಲಾಗದಿದ್ದರೆ 2ರಿಂದ 8 ಡಿಗ್ರಿಯಲ್ಲಿ ಇಡಿ, ಫ್ರೀಜರಿನಲ್ಲಿ ಬೇಡ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಎರಡು ಗಂಟೆ ಬೆಂದ ಸ್ಯಾಂಪಲ್ಲುಗಳನ್ನು ನಾನು ಕಂಡಿದ್ದೇನೆ. ಪ್ಲಾಸ್ಮಾ ಕೆಂಪಾಗಿದ್ದರೆ ಮತ್ತೊಮ್ಮೆ ರಕ್ತ ಕೇಳಿ, ಸಂಕೋಚ ಬೇಡ. ಕಳೆದ ಮೂರು ತಿಂಗಳಲ್ಲಿ ರಕ್ತ ಏರಿಸಿಕೊಂಡವರು ಅಥವಾ ಬಸುರಿಯಾಗಿದ್ದವರಿಗೆ ರಕ್ತ ಹೊಂದಿಸುವಾಗ ಸ್ಯಾಂಪಲ್ 3 ದಿನಕ್ಕಿಂತ ಹಳೆಯದಾಗಿರಬಾರದು.

ಕಣಗಳ ಕಡೆಯಿಂದ

ಮೊದಲು ಆ ದಿನದ ರೀಏಜೆಂಟ್, ಅಂದರೆ ಗೊತ್ತಿರುವ ಆಂಟಿಬಾಡಿ ಇರುವ ದ್ರಾವಣ, ಕೆಲಸ ಮಾಡುತ್ತಿದೆಯಾ ನೋಡಿ. ಆಂಟಿ-ಎ ನೀಲಿ ಬಣ್ಣ, ಆಂಟಿ-ಬಿ ಹಳದಿ, ಪಾಸಿಟಿವ್ ನೆಗೆಟಿವ್ ನೋಡುವ ಆಂಟಿ-ಡಿಗೆ ಬಣ್ಣ ಇಲ್ಲ. ಗೊತ್ತಿರುವ ಎ ಕಣ ಮತ್ತು ಬಿ ಕಣದ ಜೊತೆ ಒಂದೊಂದನ್ನೂ ಪರೀಕ್ಷಿಸಿ ರಿಜಿಸ್ಟರಿನಲ್ಲಿ ಬರೆಯಿರಿ. ಬೆಳಗಿನ ಈ ಐದು ನಿಮಿಷದ ಕೆಲಸ ಬಿಟ್ಟರೆ ಇಡೀ ದಿನದ ಉತ್ತರಗಳಿಗೆ ಆಧಾರವೇ ಇರುವುದಿಲ್ಲ.

ಸ್ಲೈಡ್ ಪರೀಕ್ಷೆ ಎಲ್ಲರೂ ಕಂಡಿರುವುದು. ಗಾಜಿನ ಮೇಲೆ ರೀಏಜೆಂಟ್ ಹನಿ, ರಕ್ತದ ಹನಿ, ಕಡ್ಡಿಯಿಂದ ಬೆರೆಸಿ ಅತ್ತಿತ್ತ ಆಡಿಸುವುದು. ಒಡೆದ ಹಾಲಿನ ಹಾಗೆ ಕಣ ಗಂಟು ಕಟ್ಟಿದರೆ ಪಾಸಿಟಿವ್. 2 ನಿಮಿಷದ ಒಳಗೆ ಓದಬೇಕು. ಏಪ್ರಿಲ್ ಮಧ್ಯಾಹ್ನ ಶಾಮಿಯಾನದ ಕೆಳಗೆ ಹನಿಯ ಅಂಚು ಒಣಗಿ ಗಂಟಿನ ಹಾಗೇ ಕಾಣುತ್ತದೆ. ನಿಶ್ಶಕ್ತವಾದ ಗಂಟು ಕಟ್ಟಲು ಹೊತ್ತು ಬೇಕು, ಗಡಿಬಿಡಿಯಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ. ಕ್ಯಾಂಪಿನಲ್ಲಿ ಅಂದಾಜಿಗೆ ಸ್ಲೈಡ್ ಪರವಾಗಿಲ್ಲ. ರಕ್ತ ಕೊಡುವುದಕ್ಕೆ, ತೆಗೆದುಕೊಳ್ಳುವುದಕ್ಕೆ ಅದನ್ನು ನೆಚ್ಚಬಾರದು.

ಟ್ಯೂಬ್ ವಿಧಾನವನ್ನು ಕೈ ತುಂಬ ಕಲಿಯಿರಿ. 50 ಮೈಕ್ರೋಲೀಟರ್ ಕೆಂಪು ಕಣವನ್ನು 0.9 ಶೇಕಡಾ ಸಲೈನಿನಲ್ಲಿ (ಉಪ್ಪುನೀರಿನಲ್ಲಿ) ತೊಳೆಯಿರಿ. ತೊಳೆಯುವುದು ಅಂದರೆ ಸಲೈನ್ ತುಂಬಿಸಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಮೇಲಿನ ನೀರು ಚೆಲ್ಲುವುದು. ಮೂರು ಸಲ ಮಾಡಿ. ಕೊನೆಗೆ ಸುಮಾರು 1 ಮಿ.ಲೀ. ಸಲೈನಿನಲ್ಲಿ ತೇಲಿಸಿದರೆ 5 ಶೇಕಡಾ ದ್ರಾವಣ ಸಿಗುತ್ತದೆ. ತಿಳಿ ಟೊಮೆಟೊ ಸಾರಿನ ಬಣ್ಣ. ಕಣ ಜಾಸ್ತಿಯಾದರೂ ಕಮ್ಮಿಯಾದರೂ ಗಂಟು ಸರಿಯಾಗಿ ಕಾಣುವುದಿಲ್ಲ.

ಮೂರು ಟ್ಯೂಬಿಗೆ ಎ, ಬಿ, ಡಿ ಎಂದು ಬರೆಯಿರಿ. ಮೊದಲು ರೀಏಜೆಂಟ್ ಒಂದೊಂದು ಹನಿ, ಆಮೇಲೆ ಕಣದ ದ್ರಾವಣ ಒಂದೊಂದು ಹನಿ. ಈ ಕ್ರಮ ಯಾಕೆ ಅಂದರೆ, ಕೆಂಪು ಕಣ ಮೊದಲು ಹಾಕಿಬಿಟ್ಟರೆ ಬಣ್ಣವಿಲ್ಲದ ಆಂಟಿ-ಡಿ ಹಾಕಿದಿರೋ ಇಲ್ಲವೋ ಕಾಣುವುದಿಲ್ಲ. ರೀಏಜೆಂಟಿನ ಚೀಟಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, 1000 ಆರ್‌ಪಿಎಂನಲ್ಲಿ 1 ನಿಮಿಷ ತಿರುಗಿಸಿ. ಈಗ ಟ್ಯೂಬನ್ನು ಬೆಳಕಿಗೆ ಹಿಡಿದು, ತಳದ ಕೆಂಪು ಗುಂಡಿಯನ್ನು ಮೆಲ್ಲಗೆ ಅಲ್ಲಾಡಿಸಿ.

ನಾನು ಹೊಸ ಹುಡುಗಿಯರಿಗೆ ಅಡುಗೆಮನೆಯ ಭಾಷೆಯಲ್ಲಿ ಹೇಳಿಕೊಡುತ್ತೇನೆ. ರಾಗಿ ಮುದ್ದೆಯ ಹಾಗೆ ಒಂದೇ ಗಟ್ಟಿ ಉಂಡೆ, ಸುತ್ತ ನೀರು ತಿಳಿ: 4+. ಉಂಡೆ ಮೂರ್ನಾಲ್ಕು ತುಂಡಾದರೆ 3+. ಬನ್ಸಿ ರವೆಯಷ್ಟು ಕಾಳುಗಳು 2+. ಚಿರೋಟಿ ರವೆಯಷ್ಟು ಸಣ್ಣವು, ನೀರು ಕೆಂಪಾಗಿ ಮಂಜು ಮಂಜು: 1+. ಏನೂ ಇಲ್ಲದೆ ಹೊಗೆಯ ಹಾಗೆ ಎದ್ದರೆ ನೆಗೆಟಿವ್. ನೀರು ಗುಲಾಬಿಯಾಗಿ ಕಣವೇ ಒಡೆದುಹೋಗಿದ್ದರೆ ಅದೂ ಪಾಸಿಟಿವ್. ಒಳ್ಳೆಯ ರೀಏಜೆಂಟಿಗೆ ಸಾಮಾನ್ಯ ಎ ಕಣ, ಬಿ ಕಣ 3+ ಅಥವಾ 4+ ಕೊಡಬೇಕು. ಅದಕ್ಕಿಂತ ಕಮ್ಮಿ ಬಂದರೆ "ಪಾಸಿಟಿವ್ ತಾನೇ" ಅಂತ ಬರೆದು ಮುಂದೆ ಹೋಗಬೇಡಿ. ಅಲ್ಲಿ ಏನೋ ಇದೆ.

ಮಗಳ ಆಂಟಿ-ಎ ಟ್ಯೂಬು 4+, ಆಂಟಿ-ಬಿ ನೆಗೆಟಿವ್. ಅಮ್ಮನದು ಎರಡೂ ನೆಗೆಟಿವ್. ಅಪ್ಪನ ಆಂಟಿ-ಬಿ ಟ್ಯೂಬಿನಲ್ಲಿ ಮುದ್ದೆ ಕಂಡಿತು. ಆಂಟಿ-ಎ ಟ್ಯೂಬನ್ನು ಅಲ್ಲಾಡಿಸಿದೆ. ಮೊದಲು ಏನೂ ಇಲ್ಲ ಅನ್ನಿಸಿತು. ಮತ್ತೆ ಓರೆ ಮಾಡಿ ನೋಡಿದೆ. ಚಿರೋಟಿ ರವೆ.

ಬೆಂಗಳೂರಿನ ದೊಡ್ಡ ರಕ್ತನಿಧಿಗಳಲ್ಲಿ ಈಗ ಜೆಲ್ ಕಾರ್ಡ್ ಬಂದಿದೆ. ಸಣ್ಣ ನಳಿಗೆಗಳಲ್ಲಿ ಜೆಲ್ ತುಂಬಿರುತ್ತದೆ. ತಿರುಗಿಸಿದಾಗ ಗಂಟು ಕಟ್ಟಿದ ಕಣ ಮೇಲೆ ನಿಲ್ಲುತ್ತದೆ, ಬಿಡಿ ಕಣ ತಳಕ್ಕೆ ಇಳಿಯುತ್ತದೆ. ಓದುವುದು ಸುಲಭ, ಗಂಟೆಗಟ್ಟಲೆ ಹಾಗೇ ಉಳಿಯುತ್ತದೆ, ಇನ್ನೊಬ್ಬರಿಗೆ ತೋರಿಸಬಹುದು. ಆದರೂ ಟ್ಯೂಬಿನಲ್ಲಿ ಕೈ ಪಳಗಿದವರಿಗೆ ಮಾತ್ರ ಕಾರ್ಡಿನ ಅನುಮಾನಗಳು ಅರ್ಥವಾಗುತ್ತವೆ ಎಂದು ನನ್ನ ಅನುಭವ.

ಪ್ಲಾಸ್ಮಾ ಕಡೆಯಿಂದ

ಇದಕ್ಕೆ ರಿವರ್ಸ್ ಗ್ರೂಪಿಂಗ್ ಅನ್ನುತ್ತೇವೆ. ಸಣ್ಣ ಲ್ಯಾಬುಗಳಲ್ಲಿ ಕೈಬಿಡುವುದು ಇದನ್ನೇ. ರಕ್ತನಿಧಿಯಲ್ಲಿ ದಾನಿಗಳ ಗುಂಪಿಗೆ ಎರಡೂ ಕಡೆಯ ಪರೀಕ್ಷೆ ಕಡ್ಡಾಯ.

ಮೂರು ಟ್ಯೂಬಿಗೆ ಪ್ಲಾಸ್ಮಾ ಎರಡೆರಡು ಹನಿ ಹಾಕಿ. ಒಂದಕ್ಕೆ ಗೊತ್ತಿರುವ ಎ1 ಕಣ (ಎ ಗುಂಪಿನ ಒಂದು ಬಗೆ, ಮುಂದೆ ಹೇಳುತ್ತೇನೆ), ಇನ್ನೊಂದಕ್ಕೆ ಬಿ ಕಣ, ಮೂರನೆಯದಕ್ಕೆ ಓ ಕಣ, ಒಂದೊಂದು ಹನಿ. ನಾಲ್ಕನೆಯ ಟ್ಯೂಬಿನಲ್ಲಿ ಅವರದೇ ಪ್ಲಾಸ್ಮಾ, ಅವರದೇ ಕಣ. ತಿರುಗಿಸಿ ಓದಿ. ಎ ಗುಂಪಿನವರದು ಬಿ ಕಣವನ್ನು ಮಾತ್ರ ಗಂಟು ಕಟ್ಟಿಸಬೇಕು. ಬಿಯವರದು ಎ ಕಣವನ್ನು. ಓ ಗುಂಪಿನವರದು ಎ, ಬಿ ಎರಡನ್ನೂ. ಎಬಿಯವರದು ಯಾವುದನ್ನೂ ಇಲ್ಲ. ಓ ಕಣದ ಟ್ಯೂಬು, ಸ್ವಂತ ಕಣದ ಟ್ಯೂಬು ಎಲ್ಲರಲ್ಲೂ ಸುಮ್ಮನಿರಬೇಕು. ನಾಲ್ಕು ತಿಂಗಳೊಳಗಿನ ಕೂಸಿಗೆ ಈ ಭಾಗ ಮಾಡುವುದಿಲ್ಲ, ಸಿಕ್ಕ ಆಂಟಿಬಾಡಿ ಅಮ್ಮನದಾಗಿರುತ್ತದೆ.

ಕತ್ರಿಗುಪ್ಪೆಯ ಅಪ್ಪ ನಿಜವಾಗಿ ಬಿ ಆಗಿದ್ದರೆ ಅವರ ಪ್ಲಾಸ್ಮಾ ಎ1 ಕಣವನ್ನು ಉಂಡೆ ಮಾಡಬೇಕಿತ್ತು. ಮಾಡಲಿಲ್ಲ. ಬಿ ಕಣವನ್ನೂ ಮಾಡಲಿಲ್ಲ. ಇದು ಎಬಿ ಪ್ಲಾಸ್ಮಾದ ನಡತೆ. ಹತ್ತು ವರ್ಷದ ಹಿಂದೆ ಈ ಮೂರು ಟ್ಯೂಬು ಯಾರಾದರೂ ಇಟ್ಟಿದ್ದರೆ ಆ ಲೈಸೆನ್ಸಿನಲ್ಲಿ ಬಿ ಎಂದು ಬರುತ್ತಿರಲಿಲ್ಲ.

ಎರಡೂ ಕೂಡದೆ ಹೋದಾಗ

ಒಂದು ಕಡೆಯದು ಇನ್ನೊಂದು ಕಡೆಗೆ ತಾಳೆಯಾಗದಿದ್ದರೆ ಗುಂಪು ಬರೆಯಬೇಡಿ. ಮೊದಲು ಅದೇ ಸ್ಯಾಂಪಲ್ಲನ್ನು, ಕಣ ಚೆನ್ನಾಗಿ ತೊಳೆದು, ಇನ್ನೊಮ್ಮೆ ಮಾಡಿ. ಆಮೇಲೆ ಹೊಸ ಸ್ಯಾಂಪಲ್ ತರಿಸಿ. ಅರ್ಧಕ್ಕರ್ಧ ಗೊಂದಲ ಅಲ್ಲೇ ತೀರುತ್ತದೆ. ಉಳಿದದ್ದಕ್ಕೆ ರೋಗಿಯ ವಯಸ್ಸು, ಕಾಯಿಲೆ, ಹಿಂದೆ ರಕ್ತ ಏರಿಸಿದ್ದು, ಅಸ್ಥಿಮಜ್ಜೆ ಕಸಿ ಆಗಿದ್ದು ಎಲ್ಲ ಕೇಳಬೇಕು. ಮಜ್ಜೆ ಕಸಿ ಆದವರ ಗುಂಪೇ ದಾನಿಯ ಗುಂಪಿಗೆ ತಿರುಗಬಹುದು.

ಡಿಸೆಂಬರ್ ಬೆಳಗ್ಗೆ ನಮ್ಮ ಲ್ಯಾಬಿನ ಕೋಣೆ ತಣ್ಣಗಿದ್ದಾಗ ಕೆಲವರ ರಕ್ತ ಎಲ್ಲ ಟ್ಯೂಬಿನಲ್ಲೂ ಗಂಟು ಕಟ್ಟುತ್ತದೆ, ಸ್ವಂತ ಕಣದ ಟ್ಯೂಬಿನಲ್ಲೂ. ತಣ್ಣಗಿದ್ದಾಗ ಮಾತ್ರ ಏಳುವ ಆಂಟಿಬಾಡಿ ಅದು. ಸ್ಯಾಂಪಲ್ಲನ್ನು 37 ಡಿಗ್ರಿಗೆ ಬೆಚ್ಚಗೆ ಮಾಡಿ, ಬೆಚ್ಚಗಿನ ಸಲೈನಿನಲ್ಲಿ ಕಣ ತೊಳೆದು ನೋಡಿದರೆ ಬಿಡುತ್ತದೆ. ಮೈಲೋಮಾದಂಥ (ಮಜ್ಜೆಯ ಒಂದು ಕ್ಯಾನ್ಸರ್) ಕಾಯಿಲೆಯಲ್ಲಿ ಪ್ಲಾಸ್ಮಾದ ಪ್ರೋಟೀನ್ ಜಾಸ್ತಿಯಾಗಿ ಕಣಗಳು ನಾಣ್ಯ ಪೇರಿಸಿಟ್ಟ ಹಾಗೆ ಅಂಟಿಕೊಳ್ಳುತ್ತವೆ. ಪ್ಲಾಸ್ಮಾ ತೆಗೆದು ಅಷ್ಟೇ ಸಲೈನ್ ಹಾಕಿದರೆ ನಾಣ್ಯದ ಕಂಬ ಬೀಳುತ್ತದೆ. ನಿಜವಾದ ಗಂಟು ಬೀಳುವುದಿಲ್ಲ.

ಅಪ್ಪನದು ಇದ್ಯಾವುದೂ ಅಲ್ಲ, ಎ ಉಪಗುಂಪಿನ ವಿಷಯ. ಎ ಗುಂಪಿನ ಒಳಗೆ ಎ1, ಎ2 ಅಂತ ಇದೆ. ಎ1 ಕಣವೊಂದರ ಮೇಲೆ ಸುಮಾರು 10 ಲಕ್ಷ ಎ ಗುರುತು ಇದ್ದರೆ ಎ2 ಕಣದ ಮೇಲೆ ಸುಮಾರು 2.5 ಲಕ್ಷ. ಎ2 ಜೊತೆ ಬಿ ಜೀನೂ ಇದ್ದರೆ ಎರಡು ಕಿಣ್ವಗಳೂ ಅದೇ ಎಚ್‌ಗೆ ಪೈಪೋಟಿ ಮಾಡುತ್ತವೆ. ಎ ಗುರುತು 1.2 ಲಕ್ಷದ ಸುತ್ತ ಇಳಿಯುತ್ತದೆ. ಆ ಒಂದು ಹನಿ ಸ್ಲೈಡ್ ನೋಡಿದವರ ಕಣ್ಣಿಗೆ ತಪ್ಪಿದ್ದು ಇದೇ.

ಎ1, ಎ2 ಬೇರೆ ಮಾಡುವುದು ಹೇಗೆ ಅನ್ನುವುದು ಈ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಭಾಗ. ಅದಕ್ಕೆ ಬೇಕಾದ್ದು ಹುರುಳಿಕಾಳು. ನಾವು ಬಸ್ಸಾರು ಮಾಡುವ ಅದೇ ಹುರುಳಿ. ಹುರುಳಿಯೊಳಗಿನ ಲೆಕ್ಟಿನ್ ಎಂಬ ಪ್ರೋಟೀನ್ ಎ ಸಕ್ಕರೆಯನ್ನು ಹಿಡಿದುಕೊಳ್ಳುತ್ತದೆ. ಸರಿಯಾಗಿ ತೆಳು ಮಾಡಿದ ಸತ್ವ ಎ1 ಕಣವನ್ನು ಗಂಟು ಕಟ್ಟಿಸುತ್ತದೆ, ಎ2 ಕಣವನ್ನು ಬಿಟ್ಟುಬಿಡುತ್ತದೆ. ತೆಳು ಮಾಡದೆ ಹಾಕಿದರೆ ಎರಡನ್ನೂ ಹಿಡಿಯುತ್ತದೆ. ಜಿ.ಡಬ್ಲ್ಯೂ.ಜಿ. ಬರ್ಡ್ ಇದನ್ನು ಮೊದಲು ವರದಿ ಮಾಡಿದ್ದು 1951ರಲ್ಲಿ, ನಮ್ಮ ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಆಂಟಿ-ಎ1 ಅಂದರೆ ಹುರುಳಿಯ ಸತ್ವ.

ಅಪ್ಪನ ಕಣಕ್ಕೆ ಹುರುಳಿ ಸತ್ವ ಹಾಕಿದೆ. ಗಂಟು ಕಟ್ಟಲಿಲ್ಲ. ಮಗಳ ಕಣಕ್ಕೂ ಹಾಕಿದೆ. ಅವಳ ಎ ಸಾಮಾನ್ಯ ಆಂಟಿ-ಎಗೆ ಜೋರಾಗಿಯೇ ಇತ್ತು, ಹುರುಳಿಗೆ ಮಾತ್ರ ಒಲಿಯಲಿಲ್ಲ. ಅಪ್ಪ ಎ2ಬಿ, ಮಗಳು ಎ2. ಚೌಕಕ್ಕೆ ಈಗ ಮೇಲೆ ಎ2 ಮತ್ತು ಬಿ, ಪಕ್ಕದಲ್ಲಿ ಓ ಮತ್ತು ಓ ಬರೆದರೆ ಮಕ್ಕಳು ಎ2 ಇಲ್ಲವೇ ಬಿ.

ಬಾಂಬೆ ಗುಂಪಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ಎಚ್ ಗುರುತನ್ನೇ ಮಾಡದ ಜನ ಇದ್ದಾರೆ. ಎಚ್ ಮಾಡುವ ಜೀನು ಬೇರೆ, ಅದು ಹತ್ತೊಂಬತ್ತನೇ ಕ್ರೋಮೋಸೋಮಿನಲ್ಲಿದೆ. ಅದರ ಎರಡೂ ಪ್ರತಿ ಕೆಟ್ಟಿದ್ದರೆ ಎ ಜೀನ್ ಇದ್ದರೂ ಸಕ್ಕರೆ ಕೂರಲು ಜಾಗ ಇರುವುದಿಲ್ಲ. ಮುಂಬೈನಲ್ಲಿ ವೈ.ಎಂ. ಭೇಂಡೆ ಮತ್ತು ಸಂಗಡಿಗರು 1952ರಲ್ಲಿ ಇದನ್ನು ಕಂಡರು. ನಮ್ಮ ದೇಶದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರು ಅನ್ನುತ್ತಾರೆ. ಸೋದರಮಾವನ ಮದುವೆ, ಅತ್ತೆ ಮಗನ ಮದುವೆ ಇರುವ ಮನೆತನಗಳಲ್ಲಿ ಕೆಟ್ಟ ಎರಡು ಪ್ರತಿ ಒಂದೇ ಮಗುವಿಗೆ ಬರುವ ಸಂಭವ ಜಾಸ್ತಿ.

ಕಣದ ಕಡೆಯಿಂದ ನೋಡಿದರೆ ಇವರು ಅಚ್ಚು ಓ. ಸ್ಲೈಡಿನಲ್ಲಿ ಪ್ರತಿ ಸಲವೂ ಓ ಅಂತಲೇ ಬರುತ್ತದೆ. ಪ್ಲಾಸ್ಮಾದಲ್ಲಿ ಮಾತ್ರ ಆಂಟಿ-ಎಚ್ ಇರುತ್ತದೆ. ಎ, ಬಿ ಕಣಗಳ ಜೊತೆಗೆ ಓ ಕಣವನ್ನೂ ಉಂಡೆ ಮಾಡುತ್ತದೆ. ಅದಕ್ಕೇ ನಾನು ಓ ಕಣದ ಟ್ಯೂಬು ಬಿಡಬೇಡಿ ಅಂದದ್ದು. ಆಂಟಿ-ಎಚ್ ಲೆಕ್ಟಿನ್ ಹಾಕಿ ಖಚಿತ ಮಾಡಬೇಕು. ಅದು ಗಾರ್ಸ್ ಎಂಬ ಹಳದಿ ಹೂವಿನ ಮುಳ್ಳುಗಿಡದ ಬೀಜದ ಸತ್ವ, ಊಟಿಯ ಗುಡ್ಡಗಳಲ್ಲಿ ಕಳೆಯಾಗಿ ಬೆಳೆದಿರುವ ಗಿಡ. ಇವರಿಗೆ ಓ ರಕ್ತ ಏರಿಸಿದರೆ ಪ್ರಾಣ ಹೋಗಬಹುದು. ಬಾಂಬೆಯವರಿಗೆ ಬಾಂಬೆಯವರದೇ ಆಗಬೇಕು. ಒಬ್ಬರಲ್ಲಿ ಕಂಡರೆ ಅಣ್ಣ ತಮ್ಮ, ಅಕ್ಕ ತಂಗಿಯರನ್ನು ತಪ್ಪದೆ ಪರೀಕ್ಷೆ ಮಾಡಿಸಿ. ಒಬ್ಬೊಬ್ಬರಲ್ಲೂ ಕಾಲು ಭಾಗ ಸಂಭವ ಇದೆ. ಬೆಂಗಳೂರಿನ ಸಂಕಲ್ಪ್ ಇಂಡಿಯಾ ಫೌಂಡೇಶನ್ ಇಂಥ ದಾನಿಗಳನ್ನು ಜೋಡಿಸುವ ಕೆಲಸ ಮಾಡುತ್ತಿದೆ.

ಪಾಸಿಟಿವ್, ನೆಗೆಟಿವ್

ಇದು ಡಿ ಗುರುತಿನ ಮಾತು. ಒಂದನೇ ಕ್ರೋಮೋಸೋಮಿನ ಜೀನಿನದು, ಎಬಿಓಗೂ ಇದಕ್ಕೂ ಸಂಬಂಧ ಇಲ್ಲ. ಡಿ ಇದ್ದರೆ ಪಾಸಿಟಿವ್. ಇಬ್ಬರು ಪಾಸಿಟಿವ್ ತಂದೆ ತಾಯಿಗೆ ನೆಗೆಟಿವ್ ಮಗು ಆಗಬಹುದು, ಇಬ್ಬರಲ್ಲೂ ಡಿ ಇಲ್ಲದ ಪ್ರತಿ ಒಂದೊಂದು ಮರೆಯಲ್ಲಿದ್ದರೆ. ನಮ್ಮ ಕಡೆ ನೂರಕ್ಕೆ ಐದಾರು ಜನ ನೆಗೆಟಿವ್.

ಡಿ ಟ್ಯೂಬು ನೆಗೆಟಿವ್ ಬಂದ ದಾನಿಯಲ್ಲಿ ಅಲ್ಲಿಗೇ ನಿಲ್ಲಿಸಬೇಡಿ. ಆಂಟಿ-ಡಿ ಜೊತೆ 37 ಡಿಗ್ರಿಯಲ್ಲಿ ಇಟ್ಟು, ಮೂರು ಸಲ ತೊಳೆದು, ಕಣಕ್ಕೆ ಅಂಟಿದ ಆಂಟಿಬಾಡಿಗಳನ್ನು ಒಂದಕ್ಕೊಂದು ಜೋಡಿಸುವ ಕೂಂಬ್ಸ್ ಸೀರಂ ಹಾಕಿ ನೋಡಿ. ನಿಶ್ಶಕ್ತ ಡಿ ಇದ್ದರೆ ಈಗ ಗಂಟು ಕಟ್ಟುತ್ತದೆ. ಕೂಂಬ್ಸ್, ಮೊರಾಂಟ್, ರೇಸ್ ಮೂವರು ಈ ಪರೀಕ್ಷೆಯನ್ನು 1945ರಲ್ಲಿ ಕೊಟ್ಟರು. ಅಂಥ ದಾನಿಯ ಚೀಲಕ್ಕೆ ಪಾಸಿಟಿವ್ ಅಂತ ಬರೆಯುತ್ತೇವೆ. ಅದೇ ವ್ಯಕ್ತಿ ರಕ್ತ ತೆಗೆದುಕೊಳ್ಳುವಾಗ ಸಾಮಾನ್ಯವಾಗಿ ನೆಗೆಟಿವ್ ರಕ್ತ ಕೊಡುತ್ತೇವೆ. ಒಬ್ಬರಿಗೇ ಎರಡು ಬಗೆ ಯಾಕೆ ಎಂದು ಜನ ಸಿಟ್ಟಾಗುತ್ತಾರೆ. ಎರಡೂ ಕಡೆ ಅಪಾಯ ಕಮ್ಮಿ ಇರುವ ದಾರಿ ಅದು.

ನೆಗೆಟಿವ್ ಗುಂಪಿನ ಬಸುರಿಯರಿಗೆ ಒಂದು ಮಾತು. ಹೊಟ್ಟೆಯ ಕೂಸು ಪಾಸಿಟಿವ್ ಆಗಿದ್ದರೆ ನಿಮ್ಮ ಮೈ ಆಂಟಿ-ಡಿ ಮಾಡಿಕೊಂಡು ಮುಂದಿನ ಕೂಸಿಗೆ ತೊಂದರೆ ಕೊಡಬಹುದು. 28ನೇ ವಾರದಲ್ಲಿ, ಆಮೇಲೆ ಕೂಸು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಇದೆ. ಗರ್ಭಪಾತ ಆದಾಗಲೂ ಡಾಕ್ಟರನ್ನು ಕೇಳಿ.

ರಕ್ತ ಏರಿಸುವ ಮುನ್ನ

ಗುಂಪು ಸೇರಿದರೆ ರಕ್ತ ಸೇರಿತು ಎಂದಲ್ಲ. ರಕ್ತದ ಗುಂಪಿನ ವ್ಯವಸ್ಥೆಗಳು ಎಬಿಓ, ಆರ್‌ಎಚ್ (ಡಿ ಗುರುತು ಸೇರುವುದು ಇದಕ್ಕೆ) ಸೇರಿ 45ರ ಆಚೆ ಇವೆ. ಅದಕ್ಕೇ ಕ್ರಾಸ್‌ಮ್ಯಾಚ್: ರೋಗಿಯ ಪ್ಲಾಸ್ಮಾ ಮತ್ತು ಆ ಚೀಲದ ಕಣವನ್ನು 37 ಡಿಗ್ರಿಯಲ್ಲಿ ಇಟ್ಟು, ಕೂಂಬ್ಸ್ ತನಕ ನೋಡುವುದು.

ಇದರ ಬೆಲೆ ಕೋಲಾರದ 38 ವರ್ಷದ ಹೆಣ್ಣುಮಗಳೊಬ್ಬರ ರಕ್ತ ತೋರಿಸಿತು. ಹೃದಯದ ಆಪರೇಷನ್ನಿಗೆ ಸೇರಿದ್ದರು. ಗುಂಪು ಓ ಪಾಸಿಟಿವ್. ಓ ಪಾಸಿಟಿವ್ ಚೀಲಗಳು ಯಾವುವೂ ಹೊಂದಲಿಲ್ಲ. ಸ್ಯಾಂಪಲ್ ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರಕ್ಕೆ ಬಂತು. ಮನೆಯ 20 ಜನರ ರಕ್ತ ನೋಡಿದರು, ಯಾರದೂ ಹೊಂದಲಿಲ್ಲ. ಆಪರೇಷನ್ನನ್ನು ರಕ್ತ ಏರಿಸದೆಯೇ ಮುಗಿಸಿದರು. ಇಂಗ್ಲೆಂಡಿನ ಬ್ರಿಸ್ಟಲ್ ಲ್ಯಾಬಿನಲ್ಲಿ ಸುಮಾರು ಹತ್ತು ತಿಂಗಳು ಹುಡುಕಿದ ಮೇಲೆ ಅದು ಇಂಥ ವ್ಯವಸ್ಥೆಗಳಲ್ಲಿ ಒಂದಾದ ಕ್ರೋಮರ್‌ನ ಹೊಸ ಗುರುತು ಎಂದು ತಿಳಿಯಿತು. 2025ರ ಜೂನಿನಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ರಕ್ತ ತಜ್ಞರ ಸಮ್ಮೇಳನದಲ್ಲಿ ಅದರ ಹೆಸರು ಹೇಳಿದರು: ಸಿಆರ್‌ಐಬಿ. ಸಿಆರ್ ಅಂದರೆ ಕ್ರೋಮರ್, ಐ ಅಂದರೆ ಇಂಡಿಯಾ, ಬಿ ಅಂದರೆ ಬೆಂಗಳೂರು.

ಮತ್ತೆ ಮತ್ತೆ ರಕ್ತ ಏರಿಸಿಕೊಳ್ಳುವ ಥಲಸ್ಸೇಮಿಯಾ ಮಕ್ಕಳ ಟ್ಯೂಬಿನಲ್ಲಿ ಹಲವರ ಕಣ ಬೆರೆತಿರುತ್ತದೆ. ಅವರಿಗೆ ಬಿಳಿ ರಕ್ತಕಣದಿಂದ ಡಿಎನ್‌ಎ ತೆಗೆದು ಜೀನನ್ನೇ ಓದುವುದು ಒಳ್ಳೆಯದು. ಖರ್ಚು ಜಾಸ್ತಿ, ಎಲ್ಲ ಕಡೆ ಇಲ್ಲ.

ವರದಿ ಬರೆಯುವುದು

ಕಣದ ಕಡೆಯದು, ಪ್ಲಾಸ್ಮಾ ಕಡೆಯದು, ಎರಡರ ಅಂಕಿಗಳನ್ನೂ ರಿಜಿಸ್ಟರಿನಲ್ಲಿ ಬರೆಯಿರಿ. ಟ್ಯೂಬ್ ಕೈಯಲ್ಲಿ ಇರುವಾಗಲೇ ಬರೆಯಿರಿ, ನೆನಪಿನಿಂದ ಬೇಡ. ಇನ್ನೊಬ್ಬರು ಓದಿ ಸಹಿ ಹಾಕಲಿ. ಹಳೆಯ ಕಾರ್ಡಿಗೂ ಇದಕ್ಕೂ ವ್ಯತ್ಯಾಸ ಇದ್ದರೆ ಅದನ್ನೂ ಬರೆಯಿರಿ.

ಕತ್ರಿಗುಪ್ಪೆಯ ಅಪ್ಪನಿಂದ ಎರಡನೆಯ ದಿನ ಹೊಸ ಸ್ಯಾಂಪಲ್ ತೆಗೆದುಕೊಂಡೆ. ಅದೇ ಉತ್ತರ. ಎ2ಬಿ, ಆರ್‌ಎಚ್ ಡಿ ಪಾಸಿಟಿವ್. ಹಳೆಯ ದಾಖಲೆಯ ಬಿ ತಪ್ಪು ಎಂದು ಕೆಳಗೆ ಸೇರಿಸಿದೆವು, ಡಾಕ್ಟರ್ ಸಹಿ ಹಾಕಿದರು. ರಕ್ತದ ಗುಂಪು ಯಾರ ಮಗು ಅನ್ನುವುದಕ್ಕೆ ಸಾಬೀತು ಆಗುವುದಿಲ್ಲ, ಅದಕ್ಕೆ ಬೇರೆ ಡಿಎನ್‌ಎ ಪರೀಕ್ಷೆ ಇದೆ, ಆದರೆ ನಿಮ್ಮ ಮನೆಯಲ್ಲಿ ಅನುಮಾನಕ್ಕೆ ಇದ್ದ ಕಾರಣವೇ ಈಗ ಇಲ್ಲ ಅಂತ ಇಬ್ಬರಿಗೂ ಕೂರಿಸಿಕೊಂಡು ಹೇಳಿದೆ. ಚೌಕ ಬರೆದು ತೋರಿಸಿದೆ. ಆಕೆ ಆ ಹಾಳೆಯನ್ನು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡರು. ಗಂಡ ವರದಿಯನ್ನು ಎರಡು ಸಲ ಓದಿ, "ಮೇಡಂ, ಇದರದು ಇನ್ನೊಂದು ಕಾಪಿ ಕೊಡ್ತೀರಾ? ನಮ್ಮಮ್ಮನಿಗೆ ನಾನೇ ಓದಿ ಹೇಳಬೇಕು" ಅಂದರು.